ಮಕ್ಕಳ ಗೋದಾಮು, ನಿನ್ನ ಹೆಸರು

ರಾಯಚೂರು

ಚಿ. ಶರಣಬಸವನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಮುಟ್ಟಿತು. ಮಾವ ತೀರಿಕೊಂಡ ಮೇಲೆ ನಿನ್ನ ಅತ್ತಿ ಮತ್ತು ಎರಡು ಮಕ್ಕಳ ಕಡೆ ನೀನು ನಿಗಾ ಇಟ್ಟಿರುವುದು ಮನಸ್ಸಿಗೆ ಸಮಾಧಾನ ತಂದಿದೆ. ಮಾವ ತನ್ನ ಗೋದಾಮಿನ ಲೀಜು, ಗದ್ದೆ ಮತ್ತು ಹತ್ತು ಲಕ್ಷವನ್ನು ಮಕ್ಕಳಿಗಾಗಿ ನೋಡಿಕೊಳ್ಳಲು ಮೃತ್ಯುಪತ್ರದಲ್ಲಿ ನಿನ್ನನ್ನು ಟ್ರಸ್ಟಿ ಎಂದು ಹೆಸರಿಸಿದ್ದಾನೆ. ಅದರ ಬಗ್ಗೆ ಎರಡು ಮಾತು ಕೇಳಿದ್ದೀ. ಗಂಗಾವತಿಯ ವಕೀಲರು ಮೃತ್ಯುಪತ್ರ ಓದಿ, "ನೀವಿನ್ನು ಫಿಡ್ಯೂಷರಿ, ಹುಷಾರಾಗಿರಬೇಕು" ಅಂದರಂತೆ. ಹಾಗಂದರೆ ಏನು ಅನ್ನುವುದು ಒಂದು. ಮಾವನ ಗೋದಾಮಿನ ಲೀಜು ಮುಗಿಯುತ್ತ ಬಂದಿದೆ, ಮಾಲೀಕರು "ಸಣ್ಣ ಮಕ್ಕಳ ಹೆಸರಿಗೆ ಕೊಡೋದಿಲ್ಲ, ನೀನಾದರೆ ತಗೋ" ಅನ್ನುತ್ತಿದ್ದಾರೆ, ತಗೊಳ್ಳಲೇ ಅನ್ನುವುದು ಇನ್ನೊಂದು.

ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ನಿನ್ನ ಸ್ವಂತಕ್ಕೆ ಬರೆಸಿಕೊಳ್ಳಬೇಡ. ಕಾರಣ ಹೇಳಹೊರಟರೆ ಮೊದಲನೆಯ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಒಬ್ಬರ ಆಸ್ತಿಯೋ ವ್ಯವಹಾರವೋ ಇನ್ನೊಬ್ಬರ ಕೈಗೆ ಬಂದಿದೆ. ಕೊಟ್ಟವರು ಅವನನ್ನು ನಂಬಿ ಕೂತಿದ್ದಾರೆ, ದಿನಾ ಬಂದು ನೋಡುವ ಶಕ್ತಿ ಅವರಿಗಿಲ್ಲ. ಕೈಗೆ ತೆಗೆದುಕೊಂಡವನು ಆ ವಿಷಯದಲ್ಲಿ ಅವರ ಹಿತವನ್ನಷ್ಟೇ ನೋಡಬೇಕು, ತನ್ನದನ್ನು ನೋಡುವ ಹಾಗಿಲ್ಲ. ಈ ಹೊಣೆಗೆ ಸಿಕ್ಕವನೇ ಫಿಡ್ಯೂಷರಿ. ಟ್ರಸ್ಟಿ, ಮೃತ್ಯುಪತ್ರ ಜಾರಿ ಮಾಡುವವನು, ಏಜೆಂಟ್, ಪಾಲುದಾರ, ಕಂಪನಿಯ ನಿರ್ದೇಶಕ, ವಕೀಲ, ಮೈನರ್ ಮಕ್ಕಳ ಪಾಲಕ, ಇವರೆಲ್ಲ ಆ ಸಾಲಿನವರು. ಬ್ಯಾಂಕಿನವರು ಸಾಮಾನ್ಯವಾಗಿ ಆ ಸಾಲಿಗೆ ಬರುವುದಿಲ್ಲ ಅನ್ನುವುದು ಬಹಳ ಮಂದಿಗೆ ತಿಳಿದಿಲ್ಲ. ನಾವು ಇಟ್ಟ ಠೇವಣಿ ಬ್ಯಾಂಕಿನ ಹಣವೇ ಆಗಿಬಿಡುತ್ತದೆ, ಬ್ಯಾಂಕು ನಮಗೆ ಬರೀ ಸಾಲಗಾರ. ಇಂಗ್ಲೆಂಡಿನ ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ 1848ರಲ್ಲೇ ಹೀಗೆ ತೀರ್ಮಾನಿಸಿತು. ಆದ್ದರಿಂದ ಬ್ಯಾಂಕು ನಮ್ಮ ಹಣವನ್ನು ದುಡಿಸಿ ಲಾಭ ಮಾಡಿಕೊಳ್ಳಬಹುದು. ಮಾವ ಬಿಟ್ಟುಹೋದ ಹತ್ತು ಲಕ್ಷದ ಮೇಲೆ ನಿನಗೆ ಆ ಸ್ವಾತಂತ್ರ್ಯ ಇಲ್ಲ. ಇದರ ವಿಷಯ ಮುಂದೆ ಬರೆಯುತ್ತೇನೆ.

ಈ ಪದದ ಬೇರು ರೋಮಿನಲ್ಲಿದೆ. ಲ್ಯಾಟಿನ್‌ನಲ್ಲಿ 'ಫಿಡೆಸ್' ಅಂದರೆ ನಂಬಿಕೆ, ಕೊಟ್ಟ ಮಾತಿಗೆ ನಿಲ್ಲುವ ಗುಣ. ಅದರಿಂದ 'ಫಿಡೂಸಿಯಾ' ಎಂಬ ಕರಾರು ಹುಟ್ಟಿತು. ಒಬ್ಬ ತನ್ನ ಆಸ್ತಿಯನ್ನು ಗೆಳೆಯನ ವಶಕ್ಕೆ ಕೊಡುತ್ತಿದ್ದ. ಬರೀ ಇಟ್ಟುಕೋ ಎಂದು ಕೊಡುವುದಲ್ಲ, ವಿಧಿಪೂರ್ವಕ ಒಡೆತನವನ್ನೇ ವರ್ಗ ಮಾಡಿ, ಕೆಲಸ ಮುಗಿದ ಮೇಲೆ ಹಿಂದಿರುಗಿಸಬೇಕೆಂಬ ಮಾತು ತೆಗೆದುಕೊಳ್ಳುತ್ತಿದ್ದ. ಸಾಲಕ್ಕೆ ಭದ್ರತೆಯಾಗಿ ಸಾಲಕೊಟ್ಟವನ ಹೆಸರಿಗೆ ಮಾಡಿಕೊಡುವುದೂ ಇದೇ ಬಗೆಯದು. ಕಾಗದದ ಮೇಲೆ ಅವನೇ ಮಾಲೀಕ, ನ್ಯಾಯದ ಕಣ್ಣಿಗೆ ಮಾತ್ರ ಅಲ್ಲ. ಇಂಥ ದಾವೆಯಲ್ಲಿ ನ್ಯಾಯಾಧೀಶರು ಯಾವ ಅಳತೆ ಹಿಡಿಯುತ್ತಿದ್ದರು ಎಂಬುದನ್ನು ರೋಮಿನ ವಕೀಲ ಸಿಸೆರೊ ಬರೆದಿಟ್ಟಿದ್ದಾನೆ: ಒಳ್ಳೆಯವರು ಒಳ್ಳೆಯವರೊಡನೆ ನಡೆದುಕೊಳ್ಳುವಂತೆ, ಮೋಸವಿಲ್ಲದೆ ನಡೆದುಕೊಂಡನೇ ಎಂಬುದು. ಸೋತವನು ಹಣ ಕಟ್ಟಿ ಕೈತೊಳೆದುಕೊಳ್ಳುವ ಹಾಗಿರಲಿಲ್ಲ. ಕಾನೂನೇ ಅವನಿಗೆ ಅಪಕೀರ್ತಿಯ ಮುದ್ರೆ ಒತ್ತುತ್ತಿತ್ತು, ಅದರಿಂದ ಕೆಲವು ನಾಗರಿಕ ಹಕ್ಕುಗಳೂ ಹೋಗುತ್ತಿದ್ದವು. ಜಸ್ಟಿನಿಯನ್ ಚಕ್ರವರ್ತಿಯ ಕಾಲಕ್ಕೆ ಆ ಕರಾರು ಬಳಕೆ ತಪ್ಪಿ ಹೋಯಿತು. ಆದರೆ ಒಡೆತನ ಒಬ್ಬನಲ್ಲಿ, ಪ್ರಯೋಜನ ಇನ್ನೊಬ್ಬರಿಗೆ ಎಂಬ ವಿಚಾರ ಉಳಿಯಿತು.

ಇಂಗ್ಲೆಂಡಿನಲ್ಲಿ ಅದೇ ವಿಚಾರ ಬೇರೆ ದಾರಿಯಿಂದ ಬಂತು. ದೂರದ ಯುದ್ಧಕ್ಕೆ ಹೋಗುವ ಜಮೀನ್ದಾರ ತನ್ನ ಭೂಮಿಯನ್ನು ಗೆಳೆಯರ ಹೆಸರಿಗೆ ಮಾಡಿ, ಹೆಂಡತಿ ಮಕ್ಕಳ ಉಪಯೋಗಕ್ಕೆ ಎಂದು ಒಪ್ಪಿಸುತ್ತಿದ್ದ. ಆಸ್ತಿ ಹೊಂದಬಾರದೆಂಬ ವ್ರತದ ಫ್ರಾನ್ಸಿಸ್ಕನ್ ಸನ್ಯಾಸಿಗಳ ಉಪಯೋಗಕ್ಕೂ ಹೀಗೆ ಭೂಮಿ ಬಿಡುತ್ತಿದ್ದರು. ಗೆಳೆಯ ಮಾತು ತಪ್ಪಿದರೆ ಸಾಮಾನ್ಯ ನ್ಯಾಯಾಲಯ "ಪತ್ರದಲ್ಲಿ ಅವನದೇ ಹೆಸರಿದೆ" ಎಂದು ಕೈ ಚೆಲ್ಲುತ್ತಿತ್ತು. ಆಗ ಜನ ರಾಜನ ಹಿರಿಯ ಮಂತ್ರಿಯಾದ ಚಾನ್ಸಲರ್ ಬಳಿ ಹೋದರು. ಆ ಕಾಲದ ಚಾನ್ಸಲರುಗಳು ಹೆಚ್ಚಾಗಿ ಪಾದ್ರಿಗಳು, ಹೆಸರು ಯಾರದಿದೆ ಎನ್ನುವುದಕ್ಕಿಂತ ಹೆಸರಿದ್ದವನ ಅಂತಃಸಾಕ್ಷಿ ಯಾವುದಕ್ಕೆ ಕಟ್ಟುಬಿದ್ದಿದೆ ಎಂದು ಕೇಳುವವರು. ಎಂಟನೇ ಹೆನ್ರಿ 1536ರ ಶಾಸನದಿಂದ ಈ ಪದ್ಧತಿಯನ್ನು ಬಿಗಿಯಲು ನೋಡಿದ. ಅದು ಟ್ರಸ್ಟ್ ಎಂಬ ರೂಪದಲ್ಲಿ ಮತ್ತೆ ಎದ್ದಿತು.

ಈಗ ನಿನ್ನ ಗೋದಾಮಿಗೆ ಬರೋಣ. 1726ರಲ್ಲಿ ಅಲ್ಲಿ ಕೀಚ್ ಮತ್ತು ಸ್ಯಾಂಡ್‌ಫರ್ಡ್ ನಡುವೆ ಒಂದು ಮೊಕದ್ದಮೆ ತೀರ್ಮಾನವಾಯಿತು. ಲಂಡನ್ ಸಮೀಪದ ರಾಮ್‌ಫರ್ಡ್ ಸಂತೆಯ ವರಮಾನದ ಲೀಜು ಒಬ್ಬನಲ್ಲಿತ್ತು. ಅವನು ಸಾಯುವಾಗ ಅದನ್ನು ಸಣ್ಣ ಮಗುವಿಗಾಗಿ ಟ್ರಸ್ಟಿಗೆ ಒಪ್ಪಿಸಿದ. ಲೀಜು ಮುಗಿಯುವ ಮುನ್ನ ಟ್ರಸ್ಟಿ ಮಾಲೀಕನ ಹತ್ತಿರ ಹೋಗಿ ಮಗುವಿನ ಸಲುವಾಗಿ ನವೀಕರಿಸಿಕೊಡು ಎಂದ. ಮಾಲೀಕ ಒಪ್ಪಲಿಲ್ಲ. ಬಾಡಿಗೆ ನಿಂತರೆ ಜಪ್ತಿ ಮಾಡಿಕೊಳ್ಳಲು ಸಂತೆಯ ವರಮಾನದಲ್ಲಿ ವಸ್ತು ಏನೂ ಇರುವುದಿಲ್ಲ, ಕರಾರೊಂದೇ ಆಧಾರ, ಆ ಕರಾರಿಗೆ ಮಗು ಕಟ್ಟುಬೀಳಲಾರದು ಎಂದ. ಆಮೇಲೆ ಟ್ರಸ್ಟಿ ತನ್ನ ಹೆಸರಿಗೆ ಬರೆಸಿಕೊಂಡ. ನಿನ್ನ ಪರಿಸ್ಥಿತಿಯೂ ಹೆಚ್ಚುಕಡಿಮೆ ಇದೇ.

ಚಾನ್ಸಲರ್ ಲಾರ್ಡ್ ಕಿಂಗ್ ಆ ಟ್ರಸ್ಟಿ ಮೋಸ ಮಾಡಿದ ಎನ್ನಲಿಲ್ಲ. ಆದರೂ ಲೀಜನ್ನು ಮಗುವಿಗೆ ವರ್ಗ ಮಾಡು, ಅಷ್ಟು ದಿನದ ಲಾಭದ ಲೆಕ್ಕ ಒಪ್ಪಿಸು ಎಂದು ಆಜ್ಞೆ ಮಾಡಿದ. ಲೋಕದಲ್ಲಿ ಬೇರೆ ಯಾರು ಬೇಕಾದರೂ ಆ ಲೀಜು ತಗೊಳ್ಳಬಹುದು, ಟ್ರಸ್ಟಿ ಒಬ್ಬನೇ ತಗೊಳ್ಳುವಂತಿಲ್ಲ, ಇದು ಕಠಿಣ ಅನ್ನಿಸಬಹುದು, ಆದರೂ ನಿಯಮ ಸಡಿಲಿಸಲಾಗದು ಎಂಬುದು ಅವನ ತೀರ್ಪಿನ ತಿರುಳು. ಸಡಿಲಿಸಿದರೆ ಆಗುವುದೇನು ಎಂದು ಯೋಚಿಸಿ ನೋಡು. ಮಗುವಿಗೆ ನವೀಕರಣ ಸಿಗಲಿ ಎಂದು ಟ್ರಸ್ಟಿ ಎಷ್ಟು ಗಟ್ಟಿಯಾಗಿ ಕೇಳಿದ, ಎಷ್ಟು ಸಲ ಅಲೆದ, ಒಳಗೊಳಗೇ ಸಿಗದಿದ್ದರೇ ಒಳ್ಳೆಯದು ಅಂದುಕೊಂಡನೇ ಎಂದು ಹೊರಗಿನವರು ಅಳೆಯುವುದು ಹೇಗೆ? ಅಳೆಯಲು ಆಗದು. ಅದಕ್ಕೇ ಕಾನೂನು ಅವನ ಮನಸ್ಸನ್ನು ಅಳೆಯುವ ಗೋಜಿಗೆ ಹೋಗದೆ ಲಾಭವನ್ನೇ ಕೈಯಿಂದ ತೆಗೆದುಬಿಡುತ್ತದೆ.

ಬೇಲಿಯೇ ಎದ್ದು ಹೊಲ ಮೇಯುವುದು ದ್ರೋಹವೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ನೀನು ಆ ಜಾತಿಯವನಲ್ಲ ಎಂದು ನನಗೆ ಗೊತ್ತು. ನನ್ನ ಕಾಳಜಿ ಬೇರೆ. "ನಾನು ಪ್ರಾಮಾಣಿಕ, ಮಕ್ಕಳಿಗೆ ನಷ್ಟ ಮಾಡಿಲ್ಲ" ಎಂಬ ಉತ್ತರ ಈ ವಿಷಯದಲ್ಲಿ ನಡೆಯುವುದಿಲ್ಲ ಎಂದು ನಿನಗೆ ತಿಳಿದಿರಬೇಕು.

ನಮ್ಮ ದೇಶದಲ್ಲಿ ಇದು 1882ರ ಭಾರತೀಯ ಟ್ರಸ್ಟ್ ಕಾಯ್ದೆಯಲ್ಲಿ ಬಂದಿದೆ. ಅದರ 88ನೇ ಕಲಂ ಫಿಡ್ಯೂಷರಿ ಸ್ಥಾನದಲ್ಲಿ ಇರುವವನು ಆ ಸ್ಥಾನ ಬಳಸಿ ಪಡೆದ ಹಣದ ಲಾಭವೆಲ್ಲ ಯಾರ ಹಿತ ಕಾಯಬೇಕೋ ಅವರಿಗೇ ಸೇರಿದ್ದು ಎನ್ನುತ್ತದೆ. ಕಲಮಿನ ಕೆಳಗೆ ಕೊಟ್ಟ ಉದಾಹರಣೆಗಳನ್ನು ತಪ್ಪದೆ ಓದು. ಬೇರೆಯವರಿಗಾಗಿ ಲೀಜು ಕುದುರಿಸಲು ಹೋದ ಏಜೆಂಟ್ ತನಗೇ ಬರೆಸಿಕೊಂಡರೆ ಲೀಜು ಅವರದು. ಟ್ರಸ್ಟಿನ ಆಸ್ತಿಯನ್ನು ಸ್ವಂತ ವ್ಯಾಪಾರಕ್ಕೆ ಬಳಸಿದರೆ ವ್ಯಾಪಾರದ ಲಾಭ ಅವರದು. ಮುಂದಿನ ಟ್ರಸ್ಟಿಯಿಂದ ಹಣ ಪಡೆದು ಜಾಗ ಬಿಟ್ಟುಕೊಟ್ಟರೆ ಆ ಹಣವೂ ಅವರದೇ. ಮಠದ, ಗುಡಿಯ ಟ್ರಸ್ಟಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಅವಕ್ಕೆ ಬೇರೆ ಕಾನೂನಿದೆ. ನಿನ್ನದು ಖಾಸಗಿ ಟ್ರಸ್ಟ್, ಆದ್ದರಿಂದ ಪೂರ್ತಿ ಇದರ ಕೆಳಗೇ ಬರುತ್ತದೆ.

ಇದೆಲ್ಲ ಬಿಳಿಯರು ತಂದ ಕಾನೂನು, ನಮ್ಮಲ್ಲಿ ಇರಲಿಲ್ಲ ಎಂದು ಯಾರಾದರೂ ಅಂದರೆ ಒಪ್ಪಬೇಡ. ಬಸವಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯೆ ಬರೆದ. ಆ ಸ್ಮೃತಿಯಲ್ಲಿ ನಂಬಿ ಇಟ್ಟ ಒಡವೆಯ ಪ್ರಕರಣವೇ ಪ್ರತ್ಯೇಕ ಇದೆ. ಒಳಗೇನಿದೆ ಎಂದು ಹೇಳದೆ ಪೆಟ್ಟಿಗೆಯಲ್ಲಿ ಮುದ್ರೆ ಹಾಕಿ ಕೊಟ್ಟದ್ದನ್ನು ಹಾಗೆಹಾಗೇ ಹಿಂದಿರುಗಿಸಬೇಕು. ರಾಜ, ದೈವ, ಕಳ್ಳ ಇವರಿಂದ ಹೋದರೆ ಕಾಯ್ದವನ ಮೇಲೆ ಹೊಣೆಯಿಲ್ಲ. ಆದರೆ ಒಡೆಯ ಕೇಳಿದ ಮೇಲೂ ಕೊಡದೆ ಇಟ್ಟುಕೊಂಡಾಗ ನಷ್ಟವಾದರೆ ಅದರ ಬೆಲೆಯ ಜೊತೆ ಅಷ್ಟೇ ದಂಡ. ತನ್ನಿಷ್ಟಕ್ಕೆ ಬಳಸಿ ಬದುಕು ಮಾಡಿಕೊಂಡರೆ ದಂಡವೂ ಉಂಟು, ಒಡವೆಯನ್ನು ವೃದ್ಧಿ ಸಮೇತ ಹಿಂದಿರುಗಿಸುವುದೂ ಉಂಟು. 1882ರ ಕಾಯ್ದೆ ಇದರಿಂದ ಹುಟ್ಟಿದ್ದಲ್ಲ, ಅದರ ವಂಶ ಲಂಡನ್ನಿನದು. ಆದರೂ ನಮ್ಮ ಕಲ್ಯಾಣ ನಾಡಿನಲ್ಲಿ ಕೂತು ಈ ಮಾತಿಗೆ ಅರ್ಥ ಬರೆದವರಿದ್ದರು ಎನ್ನುವುದು ನನಗೆ ಹೆಮ್ಮೆಯ ವಿಷಯ.

ಇನ್ನು ಮಾಡಬೇಕಾದ ಕೆಲಸ.

ಮೊಟ್ಟಮೊದಲು, ಈ ಹೊಣೆ ಹೊರುತ್ತೀಯೋ ಇಲ್ಲವೋ ಎಂದು ಈಗಲೇ ತೀರ್ಮಾನಿಸು. ಟ್ರಸ್ಟಿಯಾಗಲೇಬೇಕೆಂದು ಯಾರ ಮೇಲೂ ಒತ್ತಾಯವಿಲ್ಲ, ಟ್ರಸ್ಟ್ ಕಾಯ್ದೆಯ 10ನೇ ಕಲಂ ಹಾಗೆ ಹೇಳುತ್ತದೆ. ಆದರೆ ಒಪ್ಪಿಗೆಗೆ ಸಹಿಯೇ ಬೇಕೆಂದಿಲ್ಲ. ಗೋದಾಮಿನ ಬೀಗದ ಕೈ ತಗೊಂಡು, ಚೀಲ ಇಟ್ಟ ವರ್ತಕರಿಂದ ಒಂದು ತಿಂಗಳ ಬಾಡಿಗೆ ವಸೂಲಿ ಮಾಡಿದರೂ ಸಾಕು, ಒಪ್ಪಿದೆ ಎಂದೇ ಅರ್ಥ. ಆಮೇಲೆ ಮನಸ್ಸು ಬಂದಾಗ ಬಿಡಲು ಬರುವುದಿಲ್ಲ. ಮೃತ್ಯುಪತ್ರದಲ್ಲೇ ಬಿಡುವ ಅಧಿಕಾರ ಕೊಟ್ಟಿರಬೇಕು, ಇಲ್ಲವೇ ಜಿಲ್ಲಾ ನ್ಯಾಯಾಲಯದ ಅನುಮತಿ ಬೇಕು, ಯಾಕೆಂದರೆ ಒಪ್ಪಿಗೆ ಕೊಡುವ ವಯಸ್ಸು ಮಕ್ಕಳಿಗೆ ಆಗಿಲ್ಲ. ನಿನ್ನ ದಲಾಲಿ ಅಂಗಡಿಯ ಕೆಲಸದ ನಡುವೆ ಇದನ್ನು ಹದಿಮೂರು ಹದಿನಾಲ್ಕು ವರ್ಷ ನಡೆಸಬಲ್ಲೆಯಾ ಎಂದು ಮನೆಯಲ್ಲಿ ಕೂತು ಮಾತಾಡು. ಆಗದು ಅನ್ನಿಸಿದರೆ ಈಗಲೇ ಬರೆದು ತಿಳಿಸು. ನಾನಾಗಲಿ ನಿನ್ನ ಅತ್ತಿಯಾಗಲಿ ತಪ್ಪು ತಿಳಿಯುವುದಿಲ್ಲ.

ಗೋದಾಮಿನ ಮಾಲೀಕರ ಅಂಜಿಕೆ ಸುಳ್ಳಲ್ಲ. ಮೈನರ್ ಮಾಡಿದ ಕರಾರು ನಿಲ್ಲುವುದಿಲ್ಲವೆಂದು 1903ರಲ್ಲೇ ಪ್ರಿವಿ ಕೌನ್ಸಿಲ್, ಅಂದರೆ ಆಗ ನಮ್ಮ ದೇಶಕ್ಕೆ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ನ್ಯಾಯಪೀಠ, ಹೇಳಿದೆ. ಆದರೆ ಲೀಜು ಮಕ್ಕಳ ಹೆಸರಿಗೆ ಆಗಬೇಕಿಲ್ಲ. ಟ್ರಸ್ಟಿನ ಆಸ್ತಿಗೆ ಕಾಗದದ ಒಡೆಯ ಟ್ರಸ್ಟಿಯೇ, ಅಂದರೆ ವಯಸ್ಕನಾದ ನೀನು. ಪತ್ರದಲ್ಲಿ ನಿನ್ನ ಹೆಸರು ಬರಲಿ, ಅದರ ಮುಂದೆಯೇ ಇಂಥವರ ಮೃತ್ಯುಪತ್ರದ ಪ್ರಕಾರ ಇಂಥ ಮಕ್ಕಳ ಟ್ರಸ್ಟಿಯಾಗಿ ಎಂದು ಬರೆಸು. ಬಾಡಿಗೆ ವಸೂಲಿಗೆ ಮಾಲೀಕರಿಗೆ ಒಬ್ಬ ವಯಸ್ಕ ಸಿಕ್ಕ ಹಾಗಾಯಿತು, ಲೀಜಿನ ಪ್ರಯೋಜನ ಮಕ್ಕಳಿಗೇ ಉಳಿಯಿತು. ಅಷ್ಟಕ್ಕೂ ಧೈರ್ಯ ಸಾಲದಿದ್ದರೆ ಮುಂಗಡ ಠೇವಣಿ ಸ್ವಲ್ಪ ಹೆಚ್ಚಿಸಲು ಟ್ರಸ್ಟಿನ ಹಣದಿಂದ ಒಪ್ಪಬಹುದು. ಒಂದು ವರ್ಷಕ್ಕೆ ಮೇಲ್ಪಟ್ಟ ಲೀಜಾದರೆ ನೋಂದಣಿ ಕಡ್ಡಾಯ. ಹನ್ನೊಂದು ತಿಂಗಳ ಕಾಗದ ಮಾಡಿ ವರ್ಷವರ್ಷ ತಿರುಗುವುದು ಬೇಡ, ಪ್ರತಿ ಸಲವೂ ಇದೇ ಪ್ರಶ್ನೆ ಏಳುತ್ತದೆ.

ಇಷ್ಟಾದರೂ ಅವರು ಒಪ್ಪದಿದ್ದರೆ, ಒಪ್ಪಲಿಲ್ಲ ಎಂಬುದನ್ನು ಬರಹದಲ್ಲೇ ಪಡೆದುಕೊ. 34ನೇ ಕಲಂ ಪ್ರಕಾರ ಟ್ರಸ್ಟಿ ಆಸ್ತಿಯ ಆಡಳಿತದ ಬಗ್ಗೆ ನ್ಯಾಯಾಲಯದ ಅಭಿಪ್ರಾಯ ಕೇಳಬಹುದು. ತೊಡಕಿನ ವಿವಾದಗಳನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ, ಹೀಗೆ ಮಾಡಲೇ ಬೇಡವೇ ಎಂಬ ನೇರ ಪ್ರಶ್ನೆಯಾದರೆ ಆಗುತ್ತದೆ. ಎಲ್ಲ ದಾರಿಯೂ ಮುಚ್ಚಿದರೆ ಗೋದಾಮು ಬೇರೆ ಯಾರಿಗಾದರೂ ಹೋಗಲಿ. ನಿನಗೆ ಮಾತ್ರ ಬೇಡ, ನಿನ್ನ ಹೆಂಡತಿಯ ಹೆಸರಿಗೂ ಬೇಡ, ನಿನ್ನ ಅಂಗಡಿಯ ಪಾಲುದಾರನ ಹೆಸರಿಗೂ ಬೇಡ. "ಅತ್ತಿ ಒಪ್ಪಿದ್ದಾಳಲ್ಲ" ಎನ್ನಬೇಡ. ಮಕ್ಕಳ ಹಕ್ಕನ್ನು ಬಿಟ್ಟುಕೊಡುವ ಅಧಿಕಾರ ಅವಳಿಗೂ ಇಲ್ಲ. ಮೇಲಾಗಿ ಅವಳು ನಿನ್ನನ್ನೇ ನಂಬಿದವಳು. ನಂಬಿದವರಿಂದ ಪಡೆದ ಒಪ್ಪಿಗೆ ನ್ಯಾಯವಾಗಿ ಪಡೆದದ್ದು ಎಂದು ರುಜುವಾತು ಮಾಡುವ ಭಾರ ಪಡೆದವನ ಮೇಲೇ ಬೀಳುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ 111ನೇ ಕಲಮಿನಲ್ಲಿದ್ದ ಆ ನಿಯಮ 2023ರ ಹೊಸ ಅಧಿನಿಯಮದಲ್ಲೂ ಉಳಿದಿದೆ.

ಹತ್ತು ಲಕ್ಷದ ವಿಷಯ. ನವೆಂಬರ್, ಡಿಸೆಂಬರಿನಲ್ಲಿ ಭತ್ತ ಬರುವಾಗ ದಲಾಲಿ ಅಂಗಡಿಗಳಲ್ಲಿ ರೊಕ್ಕಕ್ಕೆ ಎಷ್ಟು ಎಳೆದಾಟ ಎಂದು ನಿನಗೆ ಹೇಳಬೇಕಿಲ್ಲ. ಎರಡು ತಿಂಗಳ ಮಟ್ಟಿಗೆ ತಿರುಗಿಸಿ ಬಡ್ಡಿ ಸಮೇತ ಇಟ್ಟರಾಯಿತು ಎಂಬ ಆಲೋಚನೆ ಬರುವುದು ಆಗಲೇ. ಟ್ರಸ್ಟಿಗಳು ಹೆಚ್ಚಾಗಿ ಕೆಡುವುದು ಕಳ್ಳತನದ ಆಸೆಯಿಂದಲ್ಲ, ಈ ಎರಡು ತಿಂಗಳ ಲೆಕ್ಕದಿಂದ. ಟ್ರಸ್ಟ್ ಕಾಯ್ದೆಯ 23ನೇ ಕಲಂ ನೋಡು. ಟ್ರಸ್ಟಿನ ಹಣವನ್ನು ವ್ಯಾಪಾರದಲ್ಲಿ ತೊಡಗಿಸಿದರೆ ಅರ್ಧ ವರ್ಷಕ್ಕೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿಯನ್ನಾದರೂ ಕೇಳಬಹುದು, ವ್ಯಾಪಾರದ ನಿವ್ವಳ ಲಾಭವನ್ನಾದರೂ ಕೇಳಬಹುದು, ಆಯ್ಕೆ ಫಲಾನುಭವಿಗಳದು. ಕಾಯ್ದೆ ಹೇಳುವ ದರ ವರ್ಷಕ್ಕೆ ಶೇ. 6, ನ್ಯಾಯಾಲಯ ಬೇರೆ ದರ ಗೊತ್ತುಮಾಡಲೂಬಹುದು. ಹತ್ತು ಲಕ್ಷಕ್ಕೆ ಶೇ. 6ರಂತೆ ಎರಡು ವರ್ಷಕ್ಕೆ 1,25,509 ರೂಪಾಯಿ. ವ್ಯಾಪಾರದಲ್ಲಿ ಅದಕ್ಕಿಂತ ಹೆಚ್ಚು ಗಳಿಸಿದ್ದರೆ ಅವರು ಲಾಭ ಕೇಳುತ್ತಾರೆ, ನಷ್ಟವಾಗಿದ್ದರೆ ಬಡ್ಡಿ ಕೇಳುತ್ತಾರೆ. ಎರಡೂ ಕಡೆ ಕಳೆದುಕೊಳ್ಳುವವನು ನೀನು. ಒಂದು ತಪ್ಪಿನಿಂದ ಆದ ನಷ್ಟವನ್ನು ಬೇರೆ ತಪ್ಪಿನಿಂದ ಬಂದ ಲಾಭದಲ್ಲಿ ವಜಾ ಮಾಡಿಕೊಳ್ಳಲೂ 24ನೇ ಕಲಂ ಬಿಡುವುದಿಲ್ಲ.

ಆದ್ದರಿಂದ ಟ್ರಸ್ಟಿನ ಹೆಸರಿಗೆ ಪ್ಯಾನ್ ಮಾಡಿಸು, ಬೇರೆ ಖಾತೆ ತೆರೆ. ನಿನ್ನ ಅಂಗಡಿಯ ಖಾತೆಯಲ್ಲಿ ಅವರ ಒಂದು ರೂಪಾಯಿಯೂ ಒಂದು ದಿನದ ಮಟ್ಟಿಗೂ ನಿಲ್ಲಬಾರದು. ಬೆರೆಸಿದರೆ 66ನೇ ಕಲಂ ಪ್ರಕಾರ ಅವರಿಗೆ ಬರಬೇಕಾದಷ್ಟಕ್ಕೆ ಇಡೀ ಮೊತ್ತದ ಮೇಲೆ ಅವರ ಹಕ್ಕು ಕೂರುತ್ತದೆ, ನಿನ್ನ ಸ್ವಂತ ಹಣವೂ ಅದರಲ್ಲಿ ಸಿಕ್ಕಿಬೀಳುತ್ತದೆ. ಠೇವಣಿ ಎಲ್ಲಿಡಬೇಕು ಎಂಬುದಕ್ಕೆ ಮೊದಲು ಮೃತ್ಯುಪತ್ರ ನೋಡು. ಅದರಲ್ಲಿ ಹೇಳದಿದ್ದರೆ 20ನೇ ಕಲಮಿನ ಕೆಳಗೆ ಕೇಂದ್ರ ಸರಕಾರ ಅಧಿಸೂಚಿಸಿದ ಹೂಡಿಕೆಗಳಲ್ಲೇ ಇಡಬೇಕು; 2016ರ ತಿದ್ದುಪಡಿಯಿಂದ ಆ ಕಲಂ ಬದಲಾಗಿದೆ, ಹಳೆಯ ಪುಸ್ತಕ ನೋಡಿ ಇಡಬೇಡ. ಮಕ್ಕಳ ಶಾಲೆಯ ಖರ್ಚು, ಊಟ ಬಟ್ಟೆ, ಔಷಧಿಗೆ ಆದಾಯದಿಂದ ಕೊಡಲು 41ನೇ ಕಲಮಿನಲ್ಲಿ ಅವಕಾಶವಿದೆ, ಅದಕ್ಕೆ ಕೈ ಬಿಗಿ ಹಿಡಿಯಬೇಡ.

ಕಾರಟಗಿ ಕಡೆಯ ಗದ್ದೆಯನ್ನು ನಿನ್ನ ಅತ್ತಿ ಕೂಲಿಯವರನ್ನಿಟ್ಟು ಮಾಡಿಸುತ್ತಿದ್ದಾಳೆ, ಹಾಗೇ ನಡೆಯಲಿ. ಬಾಯಿಮಾತಿನ ಮೇಲೆ ಲೀಜಿಗೆ ಕೊಡುವ ಯೋಚನೆ ಬೇಡ. ಅಯಕಟ್ಟಿನಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ, ನಿಜ. ಆದರೆ ಸಾಗುವಳಿ ಭೂಮಿಯನ್ನು ಗೇಣಿಗೆ ಕೊಡುವುದನ್ನು ನಮ್ಮ ಭೂಸುಧಾರಣಾ ಕಾಯ್ದೆ ಸಾಮಾನ್ಯವಾಗಿ ನಿಷೇಧಿಸಿದೆ. ತನ್ನ ಹೊಲದಲ್ಲಿ ಒಬ್ಬ ಆ ಅಪಾಯ ತಗೊಳ್ಳಬಹುದೇನೋ, ಮಕ್ಕಳ ಹೊಲದಲ್ಲಿ ಟ್ರಸ್ಟಿ ತಗೊಳ್ಳುವಂತಿಲ್ಲ.

ಆ ಗದ್ದೆಯ ಭತ್ತ ನಿನ್ನ ಅಂಗಡಿಗೆ ಬರಬಾರದು. ಇದು ನಿನಗೆ ಕಸಿವಿಸಿ ಅನ್ನಿಸಬಹುದು, ಊರವರೂ ಆಡಿಕೊಳ್ಳಬಹುದು. ಆದರೆ ನಿನ್ನ ಅಂಗಡಿಯಲ್ಲಿ ಮಾರಿದರೆ ದಲಾಲಿ ನಿನಗೆ ಬರುತ್ತದೆ, ಅದು ಟ್ರಸ್ಟಿನ ಮೇಲೆ ನೀನು ಗಳಿಸಿದ ಲಾಭ. ನೀನೇ ಕೊಂಡರೆ ಇನ್ನೂ ತಪ್ಪು. ಮಾರುವ ಹೊಣೆಯಿದ್ದ ಟ್ರಸ್ಟಿ ಸ್ವಂತಕ್ಕಾಗಲಿ ಬೇರೆಯವರ ಏಜೆಂಟನಾಗಿಯಾಗಲಿ ಕೊಳ್ಳುವಂತಿಲ್ಲ ಎನ್ನುತ್ತದೆ ಟ್ರಸ್ಟ್ ಕಾಯ್ದೆಯ 52ನೇ ಕಲಂ. ಎಪಿಎಂಸಿಯಲ್ಲಿ ನಿನಗೆ ಸಂಬಂಧವಿಲ್ಲದ ಅಂಗಡಿಗೆ ಹಾಕಿಸು. ಲೆಕ್ಕದ ಪುಸ್ತಕದಲ್ಲಿ ಅವತ್ತೇ ಬರೆ: ತಾರೀಖು, ತಳಿ, 75 ಕಿಲೋದ ಚೀಲ ಎಷ್ಟು, ತೂಕದ ಚೀಟಿಯ ನಂಬರು, ಚೀಲಕ್ಕೆ ನಿಂತ ದರ, ಅವತ್ತು ಮಾರುಕಟ್ಟೆಯಲ್ಲಿ ನಡೆದ ಕನಿಷ್ಠ ಮತ್ತು ಗರಿಷ್ಠ ದರ, ಹಮಾಲಿ, ಬಾಡಿಗೆ, ಕೈಗೆ ಬಂದ ನಿವ್ವಳ, ಖಾತೆಗೆ ಜಮಾ ಆದ ದಿನ. ಮಾರುಕಟ್ಟೆ ದರದ ಕಾಲಂ ಯಾರೂ ಇಡುವುದಿಲ್ಲ, ನೀನು ಇಡು. ಹತ್ತು ವರ್ಷ ಬಿಟ್ಟು ಹುಡುಗ ದೊಡ್ಡವನಾಗಿ "ಅವತ್ತು ಯಾಕೆ ಇಷ್ಟಕ್ಕೆ ಕೊಟ್ಟೆ" ಎಂದರೆ ಉತ್ತರ ಕೊಡುವುದು ಅದೊಂದೇ ಸಾಲು. ಕಾಲ ಮಿತಿ ಮೀರಿತು ಎಂದು ಹೇಳಿ ತಪ್ಪಿಸಿಕೊಳ್ಳಲು ಬರುವುದಿಲ್ಲ. ಟ್ರಸ್ಟಿನ ಆಸ್ತಿ ಮತ್ತು ಲೆಕ್ಕ ಕೇಳಿ ಟ್ರಸ್ಟಿಯ ಮೇಲೆ ಹಾಕುವ ದಾವೆಗೆ 1963ರ ಕಾಲ ಪರಿಮಿತಿ ಕಾಯ್ದೆಯ 10ನೇ ಕಲಂ ಗಡುವೇ ಇಟ್ಟಿಲ್ಲ.

ಸಂಬಳದ ಮಾತು: ಮೃತ್ಯುಪತ್ರದಲ್ಲಿ ಬರೆದಿರದಿದ್ದರೆ ನಿನ್ನ ದುಡಿಮೆಗೆ ಏನೂ ಇಲ್ಲ. ಕೈಯಿಂದ ಹಾಕಿದ ಖರ್ಚು, ಅಂದರೆ ಬಸ್ಸಿನ ಚಾರ್ಜು, ನೋಂದಣಿ ಶುಲ್ಕ, ವಕೀಲರ ಫೀ ಇವನ್ನು ರಸೀದಿ ಇಟ್ಟು ತೆಗೆದುಕೊಳ್ಳಬಹುದು.

ಪೊಲೀಸ್ ಕೇಸಿನ ಬಗ್ಗೆ ಹೆದರಿ ಬರೆದಿದ್ದೀ. ಇಷ್ಟು ತಿಳಿದುಕೊ. ಇಲ್ಲಿಯವರೆಗೆ ಹೇಳಿದ್ದೆಲ್ಲ ಸಿವಿಲ್ ಹೊಣೆ, ಅದಕ್ಕೆ ಕೆಟ್ಟ ಉದ್ದೇಶ ಇರಬೇಕೆಂದಿಲ್ಲ. ಅಪ್ರಾಮಾಣಿಕ ಉದ್ದೇಶದಿಂದ ನುಂಗಿದರೆ ಅಥವಾ ಬೇರೆಡೆ ತಿರುಗಿಸಿದರೆ ಆಗ ಅದು ಕ್ರಿಮಿನಲ್ ನಂಬಿಕೆದ್ರೋಹ. ಹಿಂದೆ ದಂಡಸಂಹಿತೆಯ 405, 406ನೇ ಕಲಮುಗಳಲ್ಲಿ ಇದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿಗೆ ಬಂದಿದೆ. ಮೂರು ವರ್ಷವಿದ್ದ ಗರಿಷ್ಠ ಶಿಕ್ಷೆ ಐದಾಗಿದೆ, ಏಜೆಂಟನಾಗಿಯೋ ವರ್ತಕನಾಗಿಯೋ ವಹಿಸಿಕೊಂಡದ್ದನ್ನು ನುಂಗಿದರೆ ಇನ್ನೂ ಬಹಳ ಹೆಚ್ಚು.

ಮುಂದಿನ ಸೋಮವಾರದೊಳಗೆ ಮೃತ್ಯುಪತ್ರದ ನಕಲು, ಈಗಿನ ಲೀಜು ಪತ್ರ, ಗದ್ದೆಯ ಪಹಣಿ ಮತ್ತು ಠೇವಣಿ ರಸೀದಿ ಕಳಿಸು. ಲೀಜು ಪತ್ರದಲ್ಲಿ ನವೀಕರಣಕ್ಕೆ ಎಷ್ಟು ದಿನ ಮೊದಲು ಕೇಳಬೇಕೆಂದು ಷರತ್ತಿರಬಹುದು, ಅದನ್ನು ಕೂಡಲೇ ನೋಡಿ ಫೋನಿನಲ್ಲಿ ತಿಳಿಸು. ಹೊಣೆ ಹೊರುವುದಾದರೆ ಮಾಲೀಕರಿಗೆ ಬರೆಯುವ ಪತ್ರದ ಕರಡು ನಾನು ಹಾಕಿಕೊಡುತ್ತೇನೆ. ನೀನು ಟ್ರಸ್ಟಿಯಾಗಿ ಸಹಿ ಮಾಡಿ ಸ್ಪೀಡ್ ಪೋಸ್ಟಿನಲ್ಲಿ ಹಾಕು, ಅಂಚೆ ರಸೀದಿಯನ್ನು ಲೆಕ್ಕದ ಪುಸ್ತಕದ ಮೊದಲ ಹಾಳೆಗೆ ಅಂಟಿಸು.

ಅತ್ತಿಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು.

ಇಂತಿ,
ನಿನ್ನ ದೊಡ್ಡಪ್ಪ